ಮಿಲಿಸೆಕೆಂಡು ಜಾರಿದ್ದು ಎಲ್ಲಿ?

ಮುಖದ ಚಿತ್ರ ಕಣ್ಣಿಗೆ ಬಿದ್ದ ಸುಮಾರು 170 ಮಿಲಿಸೆಕೆಂಡಿಗೆ ಇಇಜಿ ಗೆರೆಯಲ್ಲಿ ಒಂದು ಋಣ ಅಲೆ ಏಳುತ್ತದೆ. ಅದಕ್ಕೆ ಎನ್170 ಎಂದೇ ಹೆಸರು. ಆ ಅಲೆ 200 ದಾಟಿ ಕಂಡರೆ ನಾನು ಮಿದುಳಿಗಿಂತ ಮೊದಲು ದತ್ತಾಂಶವನ್ನು ಶಂಕಿಸುತ್ತೇನೆ. ಸಮಯ ಯಾವ ರೀತಿ ಸರಿದಿದೆ ಎಂದು ತಿಳಿದರೆ ಅರ್ಧ ಕಾರಣ ಸಿಕ್ಕಂತೆ.

ಎಲ್ಲ ಟ್ರಯಲ್‌ಗಳಲ್ಲೂ ಒಂದೇ ಅಳತೆಯ ತಡವಿದ್ದರೆ ಮೊದಲು ಫಿಲ್ಟರ್ ನೋಡುತ್ತೇನೆ. ಸೆಕೆಂಡಿಗೆ 1000 ಸ್ಯಾಂಪಲ್‌ಗಳ ದಾಖಲೆಯನ್ನು 201 ಗುಣಾಂಕಗಳ ಸಮ್ಮಿತ ಎಫ್‌ಐಆರ್ ಫಿಲ್ಟರಿನಲ್ಲಿ ಒಮ್ಮೆ ಹಾಯಿಸಿದರೆ ಸರಿಯಾಗಿ 100 ಮಿಲಿಸೆಕೆಂಡು ತಡ. ಅಷ್ಟನ್ನು ಹಿಂದಕ್ಕೆ ಸರಿಸಿದರಾಯಿತು. ಐಐಆರ್ ಫಿಲ್ಟರಿನಲ್ಲಿ ಆವರ್ತನಕ್ಕೊಂದು ತಡ. ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಹಾಯಿಸಿದರೆ ತಡ ರದ್ದಾಗುತ್ತದೆ. ಆದರೆ ಅಲೆಯ ಅಂಚು ಹಿಂದಕ್ಕೂ ಹರಡುವುದರಿಂದ, ಅದು ಶುರುವಾದ ಗಳಿಗೆಯ ಬಗ್ಗೆ ಗಟ್ಟಿಯಾಗಿ ಮಾತಾಡುವಂತಿಲ್ಲ. ಎಂಎನ್‌ಇ-ಪೈಥಾನ್ ಬಳಸುವವರು ಫಸ್ಟ್-ಸ್ಯಾಂಪ್ ಸಂಖ್ಯೆಯನ್ನೂ ನೋಡಬೇಕು. ಘಟನೆಯ ಗುರುತುಗಳಲ್ಲಿ ಅದು ಸೇರಿರುತ್ತದೆ, ಹೊರತೆಗೆದ ಬರಿಯ ದತ್ತಾಂಶದ ಎಣಿಕೆಯಲ್ಲಿ ಇರುವುದಿಲ್ಲ.

ತಡ ಬೆಳೆಯುತ್ತಾ ಹೋದರೆ, ಚಿತ್ರ ತೋರಿಸುವ ಮತ್ತು ಇಇಜಿ ದಾಖಲಿಸುವ ಎರಡು ಕಂಪ್ಯೂಟರ್‌ಗಳ ಗಡಿಯಾರಗಳು ಹೊಂದುತ್ತಿಲ್ಲವೆಂದು ಅರ್ಥ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವೂ ನಿಮಿಷಕ್ಕೆ 3, ಅರ್ಧ ಗಂಟೆಗೆ 90 ಮಿಲಿಸೆಕೆಂಡಾಗುತ್ತದೆ. ಮೊದಲರ್ಧ, ಕೊನೆಯರ್ಧಗಳ ಸರಾಸರಿಯನ್ನು ಬೇರೆಬೇರೆಯಾಗಿ ಬಿಡಿಸಿದರೆ ಇದು ತಾನಾಗಿ ಬಯಲಾಗುತ್ತದೆ. ನಡುವೆ ಎಲ್ಲೋ ಒಮ್ಮೆಲೇ ಜಿಗಿದಿದ್ದರೆ, ಕೆಟ್ಟ ತುಣುಕನ್ನು ಕತ್ತರಿಸಿದವರು ಮುಂದಿನ ಗುರುತುಗಳನ್ನು ಸರಿಸದೆ ಬಿಟ್ಟಿರಬಹುದು.

ಪೀಡಿಸುವುದು ಟ್ರಯಲ್‌ನಿಂದ ಟ್ರಯಲ್‌ಗೆ ಬದಲಾಗುವ ತಡ. 60 ಹರ್ಟ್ಸ್ ಪರದೆ ಹೊಸ ಚಿತ್ರ ತೋರಿಸುವುದು 16.7 ಮಿಲಿಸೆಕೆಂಡಿಗೊಮ್ಮೆ, ಟ್ರಿಗರ್ ಅದಕ್ಕೆ ಕಾಯದೆ ಹೊರಟರೆ ಪ್ರತಿ ಸಲವೂ ಬೇರೆ ಅಂತರ. ಆಗ ಸರಾಸರಿಯ ಶಿಖರ ಕುಗ್ಗಿ ಅಗಲವಾಗುತ್ತದೆ, ಒಂದೇ ಸಂಖ್ಯೆಯನ್ನು ಕಳೆದು ಸರಿಪಡಿಸಲಾಗದು. ಪರದೆಗೆ ಫೋಟೋಡಯೋಡ್ ಅಂಟಿಸಿ, ಬೆಳಕು ಬಿದ್ದ ಗಳಿಗೆಯನ್ನೇ ಗುರುತಾಗಿ ಹಿಡಿಯಬೇಕು. ಪರದೆ ಮೇಲಿನಿಂದ ಕೆಳಕ್ಕೆ ತುಂಬುವುದರಿಂದ, ಫೋಟೋಡಯೋಡನ್ನು ಯಾವ ಮೂಲೆಗೆ ಅಂಟಿಸಿದ್ದೆಂದು ಬರೆದಿಡುವುದೂ ಮುಖ್ಯ.

ಈಗ ಯಾವ ಕಡತ ಬಂದರೂ ಅದಕ್ಕೊಂದು ಹುಸಿ ಚಾನೆಲ್ ಸೇರಿಸುತ್ತೇನೆ: ಪ್ರತಿ ಗುರುತಿನ ಜಾಗದಲ್ಲಿ ಒಂದು ಚೂಪು ಮಿಡಿತ, ಉಳಿದೆಡೆ ಸೊನ್ನೆ. ಫಿಲ್ಟರ್, ಕತ್ತರಿ, ಮರುಸ್ಯಾಂಪ್ಲಿಂಗ್ ಪ್ರತಿ ಹಂತ ಮುಗಿದ ಮೇಲೂ ಮಿಡಿತ ಮತ್ತು ಗುರುತು ಒಂದರ ಮೇಲೊಂದು ಕೂತಿವೆಯೇ ಎಂದು ನೋಡುತ್ತೇನೆ. ಕೂತಿದ್ದರೆ ಸಂಸ್ಕರಣೆ ನಿರ್ದೋಷಿ. ಹುಡುಕಾಟ ಪರದೆ, ಕೇಬಲ್, ಗಡಿಯಾರಗಳತ್ತ ತಿರುಗಬೇಕು.