ಅಟ್ಟದಿಂದ ಇಳಿದ ಕ್ಯಾಮೆರಾ: ಮೀಟರ್‌ಗಿಂತ ಮೊದಲು ಶಟರ್ ನೋಡಿ

ಅಪ್ಪನೋ ಚಿಕ್ಕಪ್ಪನೋ ಬಳಸುತ್ತಿದ್ದ ರೇಂಜ್‌ಫೈಂಡರ್ ಕ್ಯಾಮೆರಾ ಟ್ರಂಕಿನಿಂದ ಈಚೆ ಬಂದಾಗ ಎಲ್ಲರೂ ಮೊದಲು ಮಾಡುವುದು ಒಂದೇ ಕೆಲಸ. ಸೆಲ್ ಹಾಕಿ ಮೀಟರ್ ಮುಳ್ಳು ಅಲ್ಲಾಡುತ್ತದೆಯೇ ನೋಡುವುದು. ಅಲ್ಲಾಡಿದರೆ ಕ್ಯಾಮೆರಾ ಸರಿ, ಇಲ್ಲದಿದ್ದರೆ ಗುಜರಿ. ಎರಡೂ ಆತುರದ ತೀರ್ಮಾನ.

ವಯಸ್ಸಾದ ಶಟರ್ ಸಾಮಾನ್ಯವಾಗಿ ನಿಧಾನವಾಗುತ್ತದೆ, ಫಿಲಂಗೆ ಬೆಳಕು ಹೆಚ್ಚು ಬೀಳುತ್ತದೆ. ತಪ್ಪು ಸೆಲ್ ಹಾಕಿದ ಮೀಟರ್ ಬೆಳಕನ್ನು ಹೆಚ್ಚಾಗಿ ಅಳೆದು ಕಡಿಮೆ ಬೆಳಕು ಬಿಡಲು ಹೇಳುತ್ತದೆ. ಎರಡು ತಪ್ಪು ಒಂದನ್ನೊಂದು ತಿಂದುಹಾಕಿ ಫೋಟೊ ಚೆನ್ನಾಗಿಯೇ ಬರಬಹುದು. ಆಮೇಲೆ ಒಂದನ್ನು ಮಾತ್ರ ಸರಿಪಡಿಸಿದಿರೋ, ರೋಲೆಲ್ಲ ಕೆಟ್ಟಿತು. ಹಾಗಾಗಿ ಪರೀಕ್ಷೆ ಶಟರ್‌ನಿಂದಲೇ ಶುರುವಾಗಲಿ.

ಕಿವಿ ಕೊಡಿ, ಆಮೇಲೆ ಎಣಿಸಿ

ಫಿಲಂ ಇಲ್ಲದೆ ಹಿಂಬಾಗಿಲು ತೆರೆದು, ಕ್ಯಾಮೆರಾದಲ್ಲಿರುವ ಅತಿ ನಿಧಾನದ ವೇಗಕ್ಕೆ ಇಟ್ಟು ಒತ್ತಿ. ಒಳಗಿನ ಹಲ್ಲುಚಕ್ರಗಳ ಸದ್ದು ಒಂದೇ ಸಮನೆ ಹರಿಯಬೇಕು. ನಡುವೆ ತಡವರಿಸಿದರೆ ಎಣ್ಣೆ ಗಟ್ಟಿಯಾಗಿದೆ ಎಂದೇ ಅರ್ಥ. ಲೆನ್ಸ್ ಒಳಗಿನ ಶಟರ್ ಅಲುಗುಗಳ ಮೇಲೆ ಮಿರುಗು ಕಂಡರೆ ಗ್ರೀಸ್ ಕರಗಿ ಅಲ್ಲಿಗೆ ಹರಿದಿದೆ. ಹೊಸೂರಿನ ತಂಪಿನಲ್ಲಿ ಇದು ನಿಧಾನ. ಬೇಸಿಗೆಯಲ್ಲಿ ಕೃಷ್ಣಗಿರಿಯ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಕ್ಯಾಮೆರಾ ಬಿಟ್ಟರೆ ಬೇಗ.

ಮುಂದಿನದು ಮೊಬೈಲ್ ಕೆಲಸ. ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್‌ನಲ್ಲಿ, ಲೆನ್ಸ್ ಮುಂದೆ ದೀಪವಿಟ್ಟು, ಹಿಂದಿನಿಂದ ಶಟರನ್ನು ಚಿತ್ರೀಕರಿಸಿ. 1/30ರಲ್ಲಿ ಶಟರ್ ಸುಮಾರು 8 ಫ್ರೇಮ್ ತೆರೆದಿರಬೇಕು, 1/60ರಲ್ಲಿ 4. 8ರ ಬದಲು 10 ಬಂದರೆ ತಲೆ ಕೆಡಿಸಿಕೊಳ್ಳಬೇಡಿ. 16 ಬಂದರೆ ಇಡೀ ಒಂದು ಸ್ಟಾಪ್ ನಿಧಾನ, ಅಂದರೆ ಎರಡು ಪಟ್ಟು ಬೆಳಕು, ರಿಪೇರಿ ಬೇಕು. 1/125ಕ್ಕೆ ಎರಡೇ ಫ್ರೇಮ್ ಸಿಗುವುದರಿಂದ ಅಲ್ಲಿಂದಾಚೆ ಈ ಲೆಕ್ಕ ನಂಬಬೇಡಿ.

ಸೋವಿಯತ್ ಕಾಲದ ಜೋರ್ಕಿ, ಫೆಡ್ ಇದ್ದವರಿಗೆ ಎರಡು ಮಾತು. ವೈಂಡ್ ಮಾಡಿದ ಮೇಲೆಯೇ ವೇಗದ ತಿರುಗುಗುಂಡಿ ತಿರುಗಿಸಿ, ಇಲ್ಲದಿದ್ದರೆ ಯಂತ್ರ ಕೆಡುತ್ತದೆ. ಇವುಗಳಲ್ಲಿ ಶಟರ್ ಎಂದರೆ ಬಟ್ಟೆಯ ಪರದೆ. ಎಸ್‌ಎಲ್‌ಆರ್‌ನಂತೆ ಮುಂದೆ ಕನ್ನಡಿಯ ಅಡ್ಡವಿಲ್ಲ. ಮುಚ್ಚಳವಿಲ್ಲದೆ ಸೂರ್ಯನಿಗೆ ಮುಖ ಮಾಡಿ ಇಟ್ಟರೆ ಲೆನ್ಸೇ ಭೂತಗನ್ನಡಿಯಾಗಿ ಪರದೆ ಸುಡುತ್ತದೆ. ಕತ್ತಲ ಕೋಣೆಯಲ್ಲಿ ಲೆನ್ಸ್ ಬಿಚ್ಚಿ, ಪರದೆಯ ಹಿಂದೆ ಟಾರ್ಚ್ ಹಿಡಿದು ಮುಂದಿನಿಂದ ನೋಡಿ, ಸೂಜಿ ತೂತುಗಳು ನಕ್ಷತ್ರದಂತೆ ಕಾಣುತ್ತವೆ.

ಬೆಟ್ಟವೇ ಅಳತೆಗೋಲು

ಫೋಕಸ್ ಉಂಗುರವನ್ನು ಅನಂತದ ಗುರುತಿಗೆ ತಿರುಗಿಸಿ ದೂರದ ಗೆರೆಯೊಂದನ್ನು ನೋಡಿ. ಹೊಸೂರಿನವರಿಗೆ ಚಂದ್ರಚೂಡೇಶ್ವರ ಬೆಟ್ಟದ ಗೋಪುರ, ಕೃಷ್ಣಗಿರಿಯವರಿಗೆ ಕೋಟೆ ಬೆಟ್ಟದ ಅಂಚು. ಒಂದು ಕಿಲೋಮೀಟರ್ ಆಚೆಯಿಂದ ನೋಡಿದರೆ ಸಾಕು. ವ್ಯೂಫೈಂಡರಿನ ನಡುವಿನ ಚೌಕದಲ್ಲಿ ಕಾಣುವ ಎರಡು ಬಿಂಬ ಒಂದಾಗಬೇಕು. ಆಮೇಲೆ ಟೇಪು ಹಿಡಿದು 1 ಮೀಟರಿನಲ್ಲೂ ನೋಡಿ. ನಡುವಿನ ಚೌಕವೇ ಮಸುಕಾಗಿದ್ದರೆ ಒಳಗಿನ ಕನ್ನಡಿ ಮಾಸಿರಬಹುದು. ಅದನ್ನು ನೀವೇ ಒರೆಸಲು ಹೋಗಬೇಡಿ, ಲೇಪನವೇ ಎದ್ದುಬರುತ್ತದೆ.

ಸೆಲ್ಲಿನ ಸಂಕಟ

1972ರ ಕ್ಯಾನನೆಟ್ ಕ್ಯೂಎಲ್17 ಜಿ-3ಯಂಥವು 1.35 ವೋಲ್ಟಿನ ಪಾದರಸದ ಸೆಲ್‌ಗೆ ಹೊಂದಿಸಿದವು. ಆ ಸೆಲ್ ಈಗ ಅಂಗಡಿಯಲ್ಲಿಲ್ಲ. 1.5 ವೋಲ್ಟಿನ ಆಲ್ಕಲೈನ್ ಹಾಕಿದರೆ ಮುಳ್ಳು ಸುಳ್ಳು ಹೇಳುತ್ತದೆ. ಸೆಲ್ ಇಳಿದಂತೆ ಆ ಸುಳ್ಳೂ ಬದಲಾಗುತ್ತದೆ. ಕಿವಿ ಮೆಷಿನ್‌ಗೆ ಹಾಕುವ, ನೀಲಿ ಪಟ್ಟಿಯ 675 ನಂಬರಿನ ಸೆಲ್ ತನ್ನಿ. ಅದು 1.4 ವೋಲ್ಟ್. ಅಗಲ ಕಡಿಮೆ, ಸುತ್ತ ರಬ್ಬರ್ ರಿಂಗ್ ಹಾಕಬೇಕು. ಪಟ್ಟಿ ಕಿತ್ತು ಕೆಲವು ನಿಮಿಷ ಗಾಳಿಗಿಡಿ. ಒಮ್ಮೆ ಕಿತ್ತರೆ ಬಳಸಲಿ ಬಿಡಲಿ, ಕೆಲವೇ ವಾರ ಅಥವಾ ತಿಂಗಳಲ್ಲಿ ಮುಗಿಯುತ್ತದೆ. 1966ರಲ್ಲಿ ಬಂದ ಯಾಶಿಕಾ ಎಲೆಕ್ಟ್ರೊ 35ಕ್ಕೆ ಈ ಮಾತು ಅನ್ವಯಿಸದು. ಅದರ ಶಟರ್ ನಡೆಯುವುದೇ ವಿದ್ಯುತ್ತಿನಿಂದ. 6 ವೋಲ್ಟಿನ ಸೆಲ್ ಅಡಾಪ್ಟರಿನಲ್ಲಿ ಹಾಕಿದರೆ ಒಪ್ಪಿಕೊಳ್ಳುತ್ತದೆ, ಸೆಲ್ ಇಲ್ಲದಿದ್ದರೆ 1/500 ಮಾತ್ರ.

ಈಗ ಮೀಟರನ್ನು ಫೋನಿನ ಲೈಟ್ ಮೀಟರ್ ಆ್ಯಪ್ ಜೊತೆ ಹೋಲಿಸಿ. ಇವುಗಳ ಮೀಟರ್ ಲೆನ್ಸ್ ಮೂಲಕ ನೋಡುವುದಿಲ್ಲ, ಅಗಲವಾಗಿ ನೋಡಿ ಆಕಾಶವನ್ನೂ ನುಂಗುತ್ತದೆ. ಹಾಗಾಗಿ ಎರಡಕ್ಕೂ ಒಂದೇ ಗೋಡೆ ತೋರಿಸಿ. ನಮ್ಮ ಕಡೆ ಪಾಲಿಶ್ ಇಲ್ಲದ ಬೂದು ಗ್ರಾನೈಟ್ ಚಪ್ಪಡಿಗೇನು ಬರ? ಅದೇ ಒಳ್ಳೆಯದು. ಬಿಸಿಲು, ನೆರಳು, ಮನೆಯೊಳಗೆ, ಮೂರು ಕಡೆ ನೋಡಿ ಬರೆದಿಡಿ. ಬಿಸಿಲಿನಿಂದ ಒಳಗೆ ಬಂದ ಕೂಡಲೇ ಅಳೆಯಬೇಡಿ. ಮೀಟರಿನಲ್ಲಿ ಬೆಳಕು ಅಳೆಯುವ ಹಳೆಯ ಸಿಡಿಎಸ್ ಕೋಶ ಬೆಳಕನ್ನು ಬೇಗ ಮರೆಯುವುದಿಲ್ಲ.

ಮೂರು ಕಡೆಯೂ ಒಂದು ಸ್ಟಾಪ್ ಹೆಚ್ಚು ತೋರಿಸಿದರೆ ಮೀಟರ್ ಬಳಸಬಹುದು: 200ರ ಫಿಲಂಗೆ ಐಎಸ್‌ಒ ಗುಂಡಿಯನ್ನು 100ಕ್ಕೆ ಇಡಿ. ಬಿಸಿಲಿನಲ್ಲಿ ಸರಿ, ನೆರಳಿನಲ್ಲಿ ತಪ್ಪು ಎಂದರೆ ಮೀಟರ್ ಮುಗಿದಿದೆ. ಫೋನೂ ಬೇಡವೆನ್ನುವವರಿಗೆ ಹಳೆಯ ಲೆಕ್ಕವಿದೆ: ನಿರಭ್ರ ಬಿಸಿಲಿನಲ್ಲಿ ಎಫ್/16, 100ರ ಫಿಲಂಗೆ 1/125, 200ಕ್ಕೆ 1/250.

ಕೊನೆಯ ತೀರ್ಪು ರೋಲಿನದು. ಒಂದೇ ಗೋಡೆಯನ್ನು ಕ್ಯಾಮೆರಾ ಮೀಟರ್, ಫೋನ್, ಬಿಸಿಲಿನ ಲೆಕ್ಕ, ಹೀಗೆ ಮೂರು ಬಗೆಯಲ್ಲಿ, ಬೇರೆ ಬೇರೆ ವೇಗದಲ್ಲಿ ತೆಗೆದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ತೊಳೆಸಿದ ಮೇಲೆ ಪ್ರಿಂಟ್ ನೋಡಿ ಮೋಸಹೋಗಬೇಡಿ, ಲ್ಯಾಬಿನ ಯಂತ್ರ ತಪ್ಪನ್ನೆಲ್ಲ ತಿದ್ದಿಬಿಡುತ್ತದೆ. ನೆಗೆಟಿವ್ ನೋಡಿ. ಟ್ರಂಕಿನಲ್ಲಿ ಊಟಿಯ ಹಿಂದೂಸ್ತಾನ್ ಫೋಟೊ ಫಿಲಮ್ಸ್‌ನ ‘ಇಂದು’ ರೋಲ್ ಸಿಕ್ಕರೆ ಈ ಪರೀಕ್ಷೆಗೆ ಬಳಸದೆ ನೆನಪಿಗಿಟ್ಟುಕೊಳ್ಳಿ. ಕಾರ್ಖಾನೆಯೇ ಮುಚ್ಚಿದೆ, ಅಷ್ಟು ಹಳೆಯ ಫಿಲಂನ ವೇಗ ನಂಬುವಂತಿಲ್ಲ.

ಸತ್ತ ಮೀಟರಿಗೆ ದುಡ್ಡು ಸುರಿಯಬೇಡಿ, ಜೇಬಿನ ಫೋನ್ ಇದೆ. ಆ ದುಡ್ಡನ್ನು ಶಟರ್ ಬಿಚ್ಚಿ ತೊಳೆಸಲು ಕೊಡಿ.