ಗೋಲಿನ ಲೆಕ್ಕ ಬಿಡಿ, ಕಾಲಿನ ಲೆಕ್ಕ ಇಡಿ: ಪುಟ್ಟ ಫುಟ್‌ಬಾಲಿಗರಿಗಾಗಿ 11 ಸೂತ್ರಗಳು

2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ರಾಜ್ಯಗಳ ನಡುವಿನ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿ ಎತ್ತಿತು. ಆ ಗೆಲುವಿಗೆ ರಾಜ್ಯ 54 ವರ್ಷ ಕಾದಿತ್ತು. ಬೆಂಗಳೂರಿಗೆ ಫುಟ್‌ಬಾಲ್ ಹೊಸದಲ್ಲ. ಆಸ್ಟಿನ್ ಟೌನ್‌ನಲ್ಲಿ, ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಹಲಸೂರಿನ ಗೌತಮಪುರದಲ್ಲಿ ತಲೆಮಾರುಗಳಿಂದ ಮಕ್ಕಳು ಚೆಂಡಿನ ಹಿಂದೆಯೇ ಬೆಳೆದಿದ್ದಾರೆ. ಈಗಂತೂ ಬಡಾವಣೆಗೊಂದು ಟರ್ಫ್, ಟರ್ಫಿಗೊಂದು ಅಕಾಡೆಮಿ. ತಿಂಗಳು ತಿಂಗಳು ಫೀಸು ಕಟ್ಟುವ ಅಪ್ಪ ಅಮ್ಮ "ನಮ್ಮ ಮಗು ಹೇಗೆ ಆಡ್ತಿದೆ ಸರ್?" ಎಂದು ಕೇಳಿದರೆ "ಚೆನ್ನಾಗಿ ಆಡ್ತಿದೆ" ಎಂಬ ಎರಡು ಪದದ ಉತ್ತರ ಸಿಗುತ್ತದೆ. ಏನು ಚೆನ್ನಾಗಿದೆ, ಮೂರು ತಿಂಗಳ ಹಿಂದೆ ಹೇಗಿತ್ತು, ಮುಂದೆ ಏನು ಕಲಿಯಬೇಕು ಎಂಬುದನ್ನು ಯಾರೂ ಬರೆದಿಟ್ಟಿರುವುದಿಲ್ಲ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಪೋಷಕರು ಮತ್ತು ಕೋಚ್‌ಗಳಿಗಾಗಿ ಈ ಸೂತ್ರಗಳು. ಮಗುವನ್ನು ಪಕ್ಕದ ಮಗುವಿನ ಜೊತೆ ಹೋಲಿಸದೆ, ಅದರ ನಿನ್ನೆಯ ಜೊತೆ ಹೋಲಿಸುವುದು ಇಲ್ಲಿಯ ಮೂಲ ಮಾತು.

1. ಚೆಂಡು ಎಷ್ಟು ಸಲ ಕಾಲಿಗೆ ಸಿಕ್ಕಿತು, ಅದನ್ನು ಎಣಿಸಿ

ಎಂಟು ವರ್ಷದ ಮಕ್ಕಳನ್ನು ದೊಡ್ಡ ಮೈದಾನಕ್ಕಿಳಿಸಿ ಹನ್ನೊಂದು ಹನ್ನೊಂದು ಜನ ಆಡಿಸಿದರೆ, ಗಟ್ಟಿಮುಟ್ಟಾದ ಇಬ್ಬರು ಮೂವರು ಫುಟ್‌ಬಾಲ್ ಆಡುತ್ತಾರೆ, ಮಿಕ್ಕವರು ಓಡಾಡಿಕೊಂಡಿರುತ್ತಾರೆ. ಬೆಲ್ಜಿಯಂ ಈ ಪಾಠವನ್ನು ಕಷ್ಟಪಟ್ಟು ಕಲಿಯಿತು. 2000ದ ಯೂರೋ ಕಪ್‌ಗೆ ನೆದರ್‌ಲೆಂಡ್ಸ್ ಜೊತೆ ಸೇರಿ ತಾನೇ ಆತಿಥ್ಯ ವಹಿಸಿ, ಗುಂಪು ಹಂತದಲ್ಲೇ ಹೊರಬಿತ್ತು. ಆಮೇಲೆ ಅಲ್ಲಿನ ಫುಟ್‌ಬಾಲ್ ಸಂಸ್ಥೆಯ ತಾಂತ್ರಿಕ ನಿರ್ದೇಶಕ ಮಿಶೆಲ್ ಸಾಬ್ಲೋನ್ ನೇತೃತ್ವದಲ್ಲಿ ಮಕ್ಕಳ ಆಟವನ್ನೇ ಬದಲಿಸಿದರು. ಚಿಕ್ಕ ಮಕ್ಕಳಿಗೆ ಚಿಕ್ಕ ತಂಡ, ಚಿಕ್ಕ ಮೈದಾನ, ಡ್ರಿಬ್ಲಿಂಗ್‌ಗೆ ಮೊದಲ ಮಣೆ. 2018ರ ವಿಶ್ವಕಪ್‌ನಲ್ಲಿ ಅದೇ ದೇಶ ಮೂರನೇ ಸ್ಥಾನ ಪಡೆಯಿತು.

ನೀವು ಮಾಡಬೇಕಾದ್ದು ಇಷ್ಟೆ. ಪಂದ್ಯದ ಹತ್ತು ನಿಮಿಷ ಒಂದೇ ಮಗುವನ್ನು ನೋಡಿ, ಮೂರು ಸಾಲಿನಲ್ಲಿ ಗೀಟು ಎಳೆಯಿರಿ: ಚೆಂಡು ಸಿಕ್ಕಿದ್ದು, ಜೊತೆಗಾರನಿಗೆ ತಲುಪಿಸಿದ್ದು, ಕಳೆದುಕೊಂಡಿದ್ದು. ಕಳೆದುಕೊಂಡ ಗೀಟು ಜಾಸ್ತಿಯಾದರೆ ಗಾಬರಿ ಬೇಡ. ಎದುರಾಳಿಯನ್ನು ದಾಟಲು ಧೈರ್ಯ ಮಾಡುವ ಮಗು ಚೆಂಡು ಕಳೆದುಕೊಳ್ಳುತ್ತದೆ. ಚೆಂಡು ಸಿಕ್ಕಿದ್ದೇ ಎರಡು ಸಲವಾದರೆ ಮಾತ್ರ ಚಿಂತಿಸಿ. ಅಲ್ಲಿ ಬದಲಾಗಬೇಕಾದ್ದು ಮಗುವಲ್ಲ, ಆಡಿಸುವ ರೀತಿ.

2. ಚೆಂಡು ಮಗುವಿನ ಅಳತೆಗಿರಲಿ

ದೊಡ್ಡವರ 5ನೇ ನಂಬರ್ ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ. ಎಂಟರೊಳಗಿನ ಮಕ್ಕಳಿಗೆ 3ನೇ ನಂಬರ್, ಎಂಟರಿಂದ ಹನ್ನೆರಡರವರಿಗೆ 4ನೇ ನಂಬರ್ ಕೊಡಿ. "ಈಗಲೇ ದೊಡ್ಡದರಲ್ಲಿ ಅಭ್ಯಾಸ ಆಗಲಿ" ಎಂದು 5 ಕೊಡಿಸಿದರೆ ಮಗು ಕಾಲ್ತುದಿಯಿಂದ ಗುದ್ದುವುದನ್ನಷ್ಟೇ ಕಲಿಯುತ್ತದೆ.

3. ಮೂರೇ ಪರೀಕ್ಷೆ, ಆರು ವಾರಕ್ಕೊಮ್ಮೆ

ಹತ್ತಾರು ಪರೀಕ್ಷೆ ಬೇಡ. ಒಂದು ಗೋಡೆ, ಆರು ಕೋನ್, ಫೋನಿನ ಸ್ಟಾಪ್‌ವಾಚ್, ಅಳತೆ ಟೇಪು ಇದ್ದರೆ ಸಾಕು.

ಮೊದಲನೆಯದು ಗೋಡೆ ಪಾಸ್. ಗೋಡೆಯಿಂದ ನಾಲ್ಕು ಮೀಟರ್ ದೂರದಲ್ಲಿ ಗೆರೆ ಎಳೆಯಿರಿ. ಮಗು ಒಂದು ಟಚ್‌ನಲ್ಲಿ ಚೆಂಡು ನಿಲ್ಲಿಸಿ, ಮತ್ತೊಂದರಲ್ಲಿ ಗೋಡೆಗೆ ಹೊಡೆಯಬೇಕು. 30 ಸೆಕೆಂಡಿನಲ್ಲಿ ಎಷ್ಟಾಯಿತು ಬರೆದುಕೊಳ್ಳಿ. ಬಲಗಾಲಿಗೊಮ್ಮೆ, ಎಡಗಾಲಿಗೊಮ್ಮೆ.

ಎರಡನೆಯದು ಕೋನ್ ಓಟ. ಎರಡೆರಡು ಮೀಟರಿಗೆ ಒಂದರಂತೆ ಆರು ಕೋನ್ ಇಟ್ಟು, ಅವುಗಳ ನಡುವೆ ಅಂಕುಡೊಂಕಾಗಿ ಹೋಗಿ ಬರಬೇಕು. ಮೊದಲು ಚೆಂಡಿಲ್ಲದೆ, ಆಮೇಲೆ ಚೆಂಡಿನೊಂದಿಗೆ. ನಮಗೆ ಬೇಕಾದ್ದು ಎರಡರ ನಡುವಿನ ವ್ಯತ್ಯಾಸ. ಚೆಂಡಿಲ್ಲದೆ 9 ಸೆಕೆಂಡು, ಚೆಂಡಿನೊಂದಿಗೆ 14 ಸೆಕೆಂಡು ತೆಗೆದುಕೊಂಡ ಹುಡುಗಿಗೆ ಚೆಂಡು 5 ಸೆಕೆಂಡು ಭಾರ. ಮೂರು ತಿಂಗಳ ನಂತರ ಓಟ 9ರಲ್ಲೇ ನಿಂತು ಚೆಂಡಿನ ಓಟ 12ಕ್ಕಿಳಿದರೆ ಅವಳ ಕಾಲು ಕಲಿತಿದೆ. ಎರಡೂ ಒಂದೊಂದು ಸೆಕೆಂಡು ಇಳಿದಿದ್ದರೆ ಅವಳು ಬೆಳೆದಿದ್ದಾಳೆ, ಡ್ರಿಬ್ಲಿಂಗ್ ಇದ್ದಲ್ಲೇ ಇದೆ. ಬರೀ ವೇಗ ನೋಡುವ ಕೋಚ್‌ಗೆ ಈ ಭೇದ ತಿಳಿಯುವುದೇ ಇಲ್ಲ.

ಮೂರನೆಯದು ಗೇಟ್ ಪಾಸ್. ಹತ್ತು ಮೀಟರ್ ದೂರದಲ್ಲಿ ಒಂದು ಮೀಟರ್ ಅಗಲದ ಗೇಟು. ಹತ್ತು ಚೆಂಡಿನಲ್ಲಿ ಎಷ್ಟು ಒಳಗೆ ಹೋದವು?

ಒಂದೇ ಜಾಗ, ಒಂದೇ ಚೆಂಡು, ಅವೇ ಶೂ, ಆದಷ್ಟೂ ಅದೇ ಹೊತ್ತು. ಮಳೆ ಬಿದ್ದು ನೆಲ ಜಾರುವ ದಿನ ಪರೀಕ್ಷೆ ಮುಂದೂಡಿ. ಮೂರು ಸಲ ಮಾಡಿಸಿ ನಡುವಿನ ಅಂಕ ಬರೆಯಿರಿ. ಕೈಯಲ್ಲಿ ಒತ್ತುವ ಸ್ಟಾಪ್‌ವಾಚ್‌ನಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಹೆಚ್ಚು ಕಡಿಮೆ ಆಗುವುದು ಸಹಜ, ಅಷ್ಟಕ್ಕೆ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ.

4. ಎಡಗಾಲಿಗೆ ಬೇರೆ ಕಾಲಂ

ಎಡಚರಾದರೆ ಬಲಗಾಲಿಗೆ. ಎರಡನ್ನೂ ಕೂಡಿಸಿ ಒಂದೇ ಅಂಕ ಬರೆದರೆ ಸೋಮಾರಿ ಕಾಲು ಮರೆಯಾಗಿಬಿಡುತ್ತದೆ.

5. ತಲೆ ಎತ್ತಿ ನೋಡುವುದೂ ಒಂದು ಕೌಶಲ

ಚೆಂಡು ಕಾಲಿಗೆ ಬರುವ ಮುಂಚೆ ಸುತ್ತ ಒಮ್ಮೆ ಕಣ್ಣು ಹಾಯಿಸುವ ಅಭ್ಯಾಸದ ಮೇಲೆ ನಾರ್ವೆಯ ಸಂಶೋಧಕ ಗೈರ್ ಯೋರ್ಡೆತ್ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಪ್ರೀಮಿಯರ್ ಲೀಗ್ ಆಟಗಾರರ ವಿಡಿಯೊ ಹಿಡಿದು ನೋಡಿದಾಗ, ಹೆಚ್ಚು ಸಲ ಕತ್ತು ತಿರುಗಿಸಿ ನೋಡುವವರ ಪಾಸ್‌ಗಳು ಹೆಚ್ಚಾಗಿ ಗುರಿ ಮುಟ್ಟುತ್ತಿದ್ದವು. ಸ್ಪೇನಿನ ಚಾವಿ ಹೆರ್ನಾಂಡೆಸ್ ಈ ವಿದ್ಯೆಗೇ ಹೆಸರಾದವರು. ನಮ್ಮ ಮಕ್ಕಳು ಚೆಂಡಿನಿಂದ ಕಣ್ಣು ಕೀಳುವುದೇ ಇಲ್ಲ, ಏಕೆಂದರೆ "ಚೆಂಡು ನೋಡು, ಚೆಂಡು ನೋಡು" ಎಂದು ನಾವೇ ಕೂಗಿರುತ್ತೇವೆ.

ಹೀಗೆ ಮಾಡಿ. ಮಗುವಿನ ಬೆನ್ನ ಹಿಂದೆ ಹತ್ತಡಿ ದೂರದಲ್ಲಿ ಒಬ್ಬರು ಕೆಂಪು, ಹಳದಿ, ನೀಲಿ ಬಿಬ್ ಹಿಡಿದು ನಿಲ್ಲಲಿ. ಎದುರಿನಿಂದ ಪಾಸ್ ಹೊರಟ ಕೂಡಲೇ ಒಂದು ಬಣ್ಣ ಎತ್ತಬೇಕು. ಚೆಂಡು ಕಾಲು ಮುಟ್ಟುವುದರೊಳಗೆ ಮಗು ತಿರುಗಿ ನೋಡಿ ಬಣ್ಣದ ಹೆಸರು ಕೂಗಿ, ಆಮೇಲೆ ಚೆಂಡು ಹಿಡಿಯಬೇಕು. ಮೊದಮೊದಲು ಬಣ್ಣ ಹೇಳಿದರೆ ಚೆಂಡು ತಪ್ಪುತ್ತದೆ, ಚೆಂಡು ಹಿಡಿದರೆ ಬಣ್ಣ ತಪ್ಪುತ್ತದೆ. ಹತ್ತು ಪಾಸಿನಲ್ಲಿ ಎರಡೂ ಸರಿಯಾದದ್ದು ಎಷ್ಟು ಎಂಬುದು ನಿಮ್ಮ ಅಂಕ. ಗೋಲಿಗಿಂತ ಈ ಅಂಕ ನನಗೆ ಹೆಚ್ಚು ಮುಖ್ಯ.

6. ಎತ್ತರ ಅಳೆದು ತಾರೀಕು ಹಾಕಿ

ಇದನ್ನು ಮರೆತರೆ ಮಿಕ್ಕ ಎಲ್ಲ ಅಂಕಗಳೂ ದಾರಿ ತಪ್ಪಿಸುತ್ತವೆ. ಹುಡುಗಿಯರು ಸುಮಾರು 12ರ ಹೊತ್ತಿಗೆ, ಹುಡುಗರು ಸುಮಾರು 14ರ ಹೊತ್ತಿಗೆ ಸರ್ರನೆ ಬೆಳೆಯುತ್ತಾರೆ. ಆ ಒಂದು ವರ್ಷದಲ್ಲಿ ಎಂಟು ಹತ್ತು ಸೆಂಟಿಮೀಟರ್ ಉದ್ದವಾಗುವ ಮಕ್ಕಳಿದ್ದಾರೆ. ಅಣ್ಣನ ಚಪ್ಪಲಿ ಮೆಟ್ಟಿ ನಡೆಯುವ ತಮ್ಮನ ಹಾಗೆ, ತಮ್ಮದೇ ಕಾಲು ಕೆಲವು ತಿಂಗಳು ಅವರ ಮಾತು ಕೇಳುವುದಿಲ್ಲ. ನಿನ್ನೆ ಸಲೀಸಾಗಿದ್ದ ತಿರುವು ಇಂದು ಎಡವಟ್ಟಾಗುತ್ತದೆ. ಕೋನ್ ಓಟದ ಅಂಕ ಕೆಡುತ್ತದೆ. ಎಷ್ಟೋ ಮಕ್ಕಳು "ಇವನಿಗೆ ಆಸಕ್ತಿ ಹೋಗಿದೆ" ಎಂಬ ಬೈಗುಳ ತಿಂದು ಆಟ ಬಿಡುವುದು ಈ ಘಟ್ಟದಲ್ಲೇ.

ಮೂರು ತಿಂಗಳಿಗೊಮ್ಮೆ ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ ಎತ್ತರ ಗುರುತು ಮಾಡಿ. ಎತ್ತರ ಏರುತ್ತಿದ್ದು ಅಂಕ ಇಳಿಯುತ್ತಿದ್ದರೆ ಸುಮ್ಮನೆ ಕಾಯಿರಿ, ಮಗುವಿಗೂ ಕಾರಣ ತಿಳಿಸಿ ಹೇಳಿ. ಮಂಡಿ ಚಿಪ್ಪಿನ ಕೆಳಗೆ ಗಂಟಿನಂತೆ ಉಬ್ಬಿ ನೋಯುತ್ತಿದೆಯೆ? ಹಿಮ್ಮಡಿಯ ಹಿಂದೆ ನೋವೆ? ಬೆಳೆಯುವ ಮೂಳೆಯ ಮೃದು ಭಾಗವನ್ನು ಸ್ನಾಯು ಜಗ್ಗುವುದರಿಂದ ಬರುವ ಈ ಎರಡು ತೊಂದರೆಗಳಿಗೆ ವೈದ್ಯರು ಆಸ್‌ಗುಡ್–ಶ್ಲಾಟರ್, ಸೀವರ್ಸ್ ಎನ್ನುತ್ತಾರೆ. ವೈದ್ಯರಿಗೆ ತೋರಿಸಿ, ಓಟ ಜಿಗಿತ ಕಡಿಮೆ ಮಾಡಿ. "ನೋವು ತಡ್ಕೊಂಡು ಆಡು" ಎಂದು ಹನ್ನೆರಡರ ಮಗುವಿಗೆ ಯಾರೂ ಹೇಳಬಾರದು.

7. ಹುಟ್ಟಿದ ತಿಂಗಳನ್ನೂ ನೋಡಿ

ವಯೋಮಿತಿಯ ಟೂರ್ನಿಗಳಿಗೆ ಸಾಮಾನ್ಯವಾಗಿ ಜನವರಿ 1 ಗಡಿ ದಿನ. ಒಂದೇ ತಂಡದಲ್ಲಿ ಜನವರಿಯ ಮಗುವೂ ಡಿಸೆಂಬರಿನ ಮಗುವೂ ಇರುತ್ತವೆ. ಹತ್ತರ ವಯಸ್ಸಿನಲ್ಲಿ ಹನ್ನೊಂದು ತಿಂಗಳು ಬಹಳ ದೊಡ್ಡದು. ಆಯ್ಕೆಗಾರರು ಪ್ರತಿಭೆ ಎಂದುಕೊಂಡು ಎತ್ತಿಕೊಳ್ಳುವುದು ಎಷ್ಟೋ ಸಲ ಆ ತಿಂಗಳುಗಳನ್ನೇ. ಜಗತ್ತಿನ ಹಲವು ದೇಶಗಳ ಕಿರಿಯರ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ತುಂಬಿರುವುದು ಮತ್ತೆ ಮತ್ತೆ ಕಂಡುಬಂದಿದೆ.

ಚಿಕ್ಕಂದಿನ ಮೈಕಟ್ಟು ನೋಡಿ ಕೈಬಿಡುವುದೂ ಇಂಥದ್ದೇ ತಪ್ಪು. ಆಂಟೊಯಿನ್ ಗ್ರೀಜ್‌ಮನ್ ಅವರನ್ನು ಕುಳ್ಳ ಎಂದು ಫ್ರಾನ್ಸಿನ ಕ್ಲಬ್‌ಗಳು ಬೇಡವೆಂದವು. ಅವರು ಸ್ಪೇನಿಗೆ ಹೋಗಿ ಬೆಳೆದು, 2018ರಲ್ಲಿ ಫ್ರಾನ್ಸಿಗೇ ವಿಶ್ವಕಪ್ ಗೆದ್ದುಕೊಟ್ಟವರಲ್ಲಿ ಒಬ್ಬರಾದರು. ಹ್ಯಾರಿ ಕೇನ್ ಅವರನ್ನು ಪುಟ್ಟ ಹುಡುಗನಾಗಿದ್ದಾಗ ಆರ್ಸೆನಲ್ ಬಿಟ್ಟುಕೊಟ್ಟಿತ್ತು. ಭಾರತದ ಪರ 90ಕ್ಕೂ ಹೆಚ್ಚು ಗೋಲು ಹೊಡೆದ ಸುನಿಲ್ ಛೆಟ್ರಿ ಕೂಡ ಎತ್ತರದ ಆಳಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ಮಗು ದೊಡ್ಡದಾಗಿ ಕಾಣಲಿ ಎಂದು ಜನನ ಪ್ರಮಾಣಪತ್ರದಲ್ಲಿ ವಯಸ್ಸು ಇಳಿಸಬೇಡಿ. ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ನೋಡಿ ಮೂಳೆಯ ವಯಸ್ಸು ಅಂದಾಜಿಸುವ ಟಿಡಬ್ಲ್ಯೂ3 ಪರೀಕ್ಷೆ ನಮ್ಮ ದೇಶದ ಯೂತ್ ಲೀಗ್‌ಗಳಿಗೆ ಬಂದದ್ದು ಈ ಚಾಳಿಯಿಂದಲೇ. ಸಿಕ್ಕಿಬೀಳದೆ ಹೋದರೂ ಮಗುವಿಗೆ ನಷ್ಟವೇ. ತನಗಿಂತ ಚಿಕ್ಕವರನ್ನು ಮೈಬಲದಿಂದ ತಳ್ಳಿ ಗೆದ್ದವನಿಗೆ ಕಾಲ್ಚಳಕ ಕಲಿಯುವ ಅಗತ್ಯವೇ ಬೀಳುವುದಿಲ್ಲ. ಸಮವಯಸ್ಕರು ಎದುರಾದ ದಿನ ಅವನ ಬಳಿ ಏನೂ ಉಳಿದಿರುವುದಿಲ್ಲ.

8. ಕೋಚ್‌ನ ತರಬೇತಿಗೂ ಸ್ಟಾಪ್‌ವಾಚ್ ಹಿಡಿಯಿರಿ

ಹದಿನೈದು ಮಕ್ಕಳು ಸಾಲಾಗಿ ನಿಂತು ಒಬ್ಬೊಬ್ಬರಾಗಿ ಗೋಲಿಗೆ ಹೊಡೆಯುವ ದೃಶ್ಯ ಎಲ್ಲ ಕಡೆ ಇದೆ. ಒಂದು ಗಂಟೆಯ ತರಬೇತಿಯಲ್ಲಿ ನಿಮ್ಮ ಮಗು ಎಷ್ಟು ನಿಮಿಷ ಸುಮ್ಮನೆ ನಿಂತಿತ್ತು ಎಂದು ಲೆಕ್ಕ ಹಾಕಿ. ಅರ್ಧ ಗಂಟೆ ದಾಟಿದರೆ ಕೋಚ್ ಜೊತೆ ವಿನಯದಿಂದ ಮಾತಾಡಿ. ಮಗುವಿಗೊಂದು ಚೆಂಡು, ನಾಲ್ವರು ಸುತ್ತ ನಿಂತು ನಡುವಿನ ಒಬ್ಬನಿಗೆ ಸಿಗದಂತೆ ಪಾಸ್ ಮಾಡುವ ರೊಂಡೊ, ಮೂವರು ಮೂವರ ಪುಟ್ಟ ಪಂದ್ಯ: ಇವಿಷ್ಟರಲ್ಲೇ ಸಾಲು ಕರಗುತ್ತದೆ.

9. ಮೊದಲ ಇಪ್ಪತ್ತು ನಿಮಿಷ ಮೈಗೆ, ತಲೆಗೆ ರಕ್ಷಣೆ

ಫಿಫಾದ '11+' ವಾರ್ಮ್‌ಅಪ್ ಉಚಿತ, ಸುಮಾರು 20 ನಿಮಿಷದ್ದು, ವಿಶೇಷ ಉಪಕರಣವೂ ಬೇಡ. ಏಳರಿಂದ ಹದಿಮೂರರ ಮಕ್ಕಳಿಗೆ '11+ ಕಿಡ್ಸ್' ಬೇರೆಯೇ ಇದೆ. ಜಿಗಿದು ಇಳಿಯುವಾಗ ಮಂಡಿ ಒಳಕ್ಕೆ ವಾಲದಂತೆ ಕಲಿಸುವುದು ಅದರ ತಿರುಳು. ಮಂಡಿಯ ಲಿಗಮೆಂಟ್ ಹರಿಯುವ ಅಪಾಯ ಹುಡುಗಿಯರಿಗೆ ಹೆಚ್ಚು, ಆದ್ದರಿಂದ ಹುಡುಗಿಯರ ತಂಡದಲ್ಲಿ ಇದನ್ನು ಒಂದು ದಿನವೂ ಬಿಡಬಾರದು. ತಲೆಯಿಂದ ಚೆಂಡು ಹೊಡೆಯುವ ಹೆಡಿಂಗ್‌ಗೆ ಅವಸರ ಬೇಡ. ಅಮೆರಿಕದ ಫುಟ್‌ಬಾಲ್ ಸಂಸ್ಥೆ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಹೆಡಿಂಗ್ ನಿಷೇಧವನ್ನು 2015ರಲ್ಲಿ ಪ್ರಕಟಿಸಿತು. ಇಂಗ್ಲೆಂಡ್ 2020ರಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳ ತರಬೇತಿಯಿಂದ ಅದನ್ನು ಕೈಬಿಟ್ಟಿತು.

ಇನ್ನೊಂದು ವಿಷಯ. ವಾರದ ಏಳು ದಿನವೂ ಫುಟ್‌ಬಾಲ್ ಆಗಬಾರದು. ಖೊಖೊದಲ್ಲಿ ಗಕ್ಕನೆ ದಿಕ್ಕು ಬದಲಿಸುವುದು, ಕಬಡ್ಡಿಯಲ್ಲಿ ಎದುರಾಳಿಯನ್ನು ಮೈಚಲನೆಯಿಂದ ಯಾಮಾರಿಸುವುದು ನಮ್ಮ ಶಾಲಾ ಮೈದಾನಗಳಲ್ಲೇ ಕಾಸಿಲ್ಲದೆ ಸಿಗುವ ಡ್ರಿಬ್ಲಿಂಗ್ ಪಾಠ.

10. ಗೆರೆಯಾಚೆಯ ಬಾಯಿ ಮುಚ್ಚಿರಲಿ

ಅಪ್ಪ "ಹೊಡಿ!" ಅನ್ನುತ್ತಾರೆ, ಅಮ್ಮ "ಪಾಸ್ ಕೊಡು!" ಅನ್ನುತ್ತಾರೆ, ಕೋಚ್ "ಹಿಂದೆ ಬಾ!" ಅನ್ನುತ್ತಾರೆ. ಮಗು ಯಾರ ಮಾತು ಕೇಳಬೇಕು? ನಿರ್ಧಾರ ಮಾಡುವುದನ್ನು ಕಲಿಯಬೇಕಾದ ವಯಸ್ಸಿನಲ್ಲಿ ನಾವೇ ನಿರ್ಧಾರ ಕಸಿದುಕೊಳ್ಳುತ್ತೇವೆ. ಹಾಲಂಡ್, ಓಡೆಗಾರ್ಡ್ ಅವರಂಥ ಆಟಗಾರರನ್ನು ಕೊಟ್ಟ ನಾರ್ವೆಯಲ್ಲಿ ಮಕ್ಕಳಿಗೆ ಹನ್ನೊಂದು ತುಂಬುವ ವರ್ಷದವರೆಗೆ ಅಂಕಪಟ್ಟಿ, ರ‍್ಯಾಂಕಿಂಗ್ ಇಲ್ಲ. ಆಟ ಮುಗಿದ ಮೇಲೆ ಬೈಕಿನಲ್ಲಿ ಮನೆಗೆ ಬರುವಾಗ "ಇವತ್ತು ಹೊಸದೇನು ಮಾಡಿ ನೋಡಿದೆ?" ಎಂದಷ್ಟೇ ಕೇಳಿ.

11. ನೋಟ್‌ಬುಕ್ ಮಗುವಿನ ಕೈಯಲ್ಲಿರಲಿ

ಅಂಕ ನೀವು ಎಣಿಸಿ, ಬರೆಯುವುದು ಮಗುವೇ. ನಲವತ್ತು ಪುಟದ ನೋಟ್‌ಬುಕ್ ಸಾಕು, ಆ್ಯಪ್ ಬೇಡ. ಒಂದು ಪುಟ ಹೀಗಿರಬಹುದು:

ಜೂನ್ 15, ಭಾನುವಾರ. ಎತ್ತರ 141.
ಗೋಡೆ ಪಾಸ್: ಬಲ 17, ಎಡ 9.
ಕೋನ್: ಚೆಂಡಿಲ್ಲದೆ 9.4, ಚೆಂಡಿನ ಜೊತೆ 13.8. ಭಾರ 4.4.
ಗೇಟ್: ಬಲ 6/10, ಎಡ 3/10.
ಬಣ್ಣ: 4/10.
ಇವತ್ತು ಎಡಗಾಲಲ್ಲಿ ಒಂದು ಪಾಸ್ ಚೆನ್ನಾಗಿ ಹೋಯ್ತು. ಮುಂದಿನ ಸಲಕ್ಕೆ ಎಡ 12 ಮಾಡ್ಬೇಕು.

ಕೊನೆಯ ಎರಡು ಸಾಲು ಮಗುವಿನ ಸ್ವಂತ ಮಾತಾಗಿರಲಿ, ಕಾಗುಣಿತ ತಿದ್ದಲು ಹೋಗಬೇಡಿ. ಗುರಿಯನ್ನೂ ಅದೇ ಇಟ್ಟುಕೊಳ್ಳಲಿ. ಎಡ 12 ಆಗಲು ದಿನಾ ಹತ್ತು ನಿಮಿಷ ಮನೆಯ ಕಾಂಪೌಂಡ್ ಗೋಡೆ ಸಾಕು, ಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಡಿ. ಪುಟವನ್ನು ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಅದನ್ನು ನೋಡಬೇಕಾದವರು ಮೂವರೇ: ಮಗು, ನೀವು, ಕೋಚ್. ಬೇರೆ ಅಕಾಡೆಮಿಗೆ ಸೇರುವ ದಿನ ಬಂದರೆ, ಮೆಡಲುಗಳ ಜೊತೆಗೆ ಈ ನೋಟ್‌ಬುಕ್ಕನ್ನೂ ಹೊಸ ಕೋಚ್ ಮುಂದಿಡಿ. ಕೋಚ್‌ಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ (ಎಐಎಫ್‌ಎಫ್) ಕೋಚಿಂಗ್ ಲೈಸೆನ್ಸ್ ಇದೆಯೆ, ಮಗುವಿಗೊಂದು ಚೆಂಡು ಸಿಗುತ್ತದೆಯೆ, ಗೋಲ್‌ಕೀಪರ್ ಜಾಗದಲ್ಲಿ ಒಬ್ಬನೇ ಹುಡುಗನನ್ನು ವರ್ಷವಿಡೀ ನಿಲ್ಲಿಸುತ್ತಾರೆಯೆ ಎಂದು ಫೀಸು ಕಟ್ಟುವ ಮೊದಲೇ ಕೇಳಿಕೊಳ್ಳಿ.