ಹಳ್ಳದ ಪಾಚಿ, ಕಾನಿನ ಸಿಂಗಳೀಕ

ತೋಟದ ಕೆಳಗಿನ ಹಳ್ಳದ ಕಲ್ಲು ಮುಟ್ಟಿದರೆ ಬೆರಳಿಗೆ ಕಂದು ಲೋಳೆ ಹತ್ತುತ್ತದೆ. ಅದರಲ್ಲಿ ಡಯಾಟಮ್ ಎಂಬ ಪಾಚಿಯಿದೆ. ಗಾಜಿನಂಥ ಸಿಲಿಕಾ ಚಿಪ್ಪಿನ ಈ ಏಕಕೋಶ ಜೀವಿ ಸೂಕ್ಷ್ಮದರ್ಶಕಕ್ಕಷ್ಟೇ ಕಾಣುತ್ತದೆ. ಗೊಬ್ಬರ, ಪಲ್ಪಿಂಗ್ ನೀರು ಹಳ್ಳ ಸೇರಿದರೆ ಕೆಲವೇ ವಾರಗಳಲ್ಲಿ ಇದರ ಜಾತಿಗಳು ಬದಲಾಗುತ್ತವೆ. ನೀರು ಶುದ್ಧವಾದರೆ, ದಿನಕ್ಕೊಮ್ಮೆ ಇಬ್ಭಾಗವಾಗಬಲ್ಲ ಇದು ಬೇಗ ಚೇತರಿಸುತ್ತದೆ.

ಪಶ್ಚಿಮ ಘಟ್ಟದಲ್ಲಷ್ಟೇ ಇರುವ ಸಿಂಗಳೀಕ ಹಾಗಲ್ಲ. ಹೆಣ್ಣು ಎರಡು-ಮೂರು ವರ್ಷಕ್ಕೊಂದು ಮರಿ ಹಾಕುತ್ತದೆ. ಮರದಿಂದ ಮರಕ್ಕೇ ಅದರ ದಾರಿ. ಅಘನಾಶಿನಿ ಕಣಿವೆಯಲ್ಲಿ 2011ರಲ್ಲಿ ಅದಕ್ಕಾಗಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ಆದರೂ ಕಾನಿನ ಹಣ್ಣಿನ ಮರ ಉರುಳಿದರೆ ದಾರಿ ತುಂಡಾಗುತ್ತದೆ. ಮತ್ತೆ ಬೆಳೆಯಲು ಒಂದು ತಲೆಮಾರೇ ಬೇಕು.

ಪಲ್ಪಿಂಗ್ ನೀರನ್ನು ಗುಂಡಿಯಲ್ಲೇ ತಡೆಯೋಣ. ಬೆಟ್ಟದಲ್ಲಿ ಸೊಪ್ಪು ಕಡಿಯುವಾಗ ಮರದ ತಲೆ ಉಳಿಸೋಣ. ಹಳ್ಳಕ್ಕೆ ಮಾಡಿದ ತಪ್ಪನ್ನು ನಾವೇ ತಿದ್ದಬಹುದು. ಕಾಡಿಗೆ ಮಾಡಿದ್ದು ಮಕ್ಕಳ ಪಾಲಿಗೆ ಉಳಿಯುತ್ತದೆ.